ಅಪ್‌ಡೇಟ್: ಕೊಬ್ಬರಿ ಫ್ರಾಸ್ಟಿಂಗ್ ಈ ಸಲ ಜಾರಲಿಲ್ಲ

ಜರ್ಮನ್ ಚಾಕೊಲೇಟ್ ಕೇಕಿನ ಫ್ರಾಸ್ಟಿಂಗ್ (ಕೇಕಿಗೆ ಹಚ್ಚುವ ಸಿಹಿ ಲೇಪ) ಪದರಗಳ ನಡುವಿನಿಂದ ಜಾರಿ ತಟ್ಟೆಗೆ ಇಳಿಯುತ್ತಿದೆ, ಏನು ಮಾಡಲಿ ಎಂದು ಕಳೆದ ವಾರ ಕೇಳಿದ್ದೆ. ಹಸಿ ತೆಂಗಿನ ತುರಿ ಬಿಟ್ಟು ಒಣ ಕೊಬ್ಬರಿ ಹಾಕಿ ಎಂದಿರಿ. ಅದೇ ಸರಿ. ಹಸಿ ಕಾಯಿಯ ನೀರೇ ಎಲ್ಲವನ್ನೂ ಕೆಡಿಸಿತ್ತು.

ಭಾನುವಾರ ಮತ್ತೆ ಮಾಡಿದೆ. ಫ್ರಾಸ್ಟಿಂಗ್‌ಗೆ ಬೇಕಾದ ಎವಾಪೊರೇಟೆಡ್ (ನೀರು ಬತ್ತಿಸಿದ) ಹಾಲಿನ ಡಬ್ಬಿ ನಮ್ಮ ಓಣಿಯ ಅಂಗಡಿಯಲ್ಲಿ ಸಿಗಲಿಲ್ಲ. ಆದರೆ ಬೆಳಗಾವಿಯವರಿಗೆ, ಕುಂದಾ ಮಾಡುವ ಊರಿನವರಿಗೆ, ಹಾಲು ಬತ್ತಿಸುವುದನ್ನು ಯಾರೂ ಕಲಿಸಬೇಕಿಲ್ಲ! ಅತ್ತೆಯವರು ಒಂದು ಲೀಟರ್ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಕಾಯಿಸಿಕೊಟ್ಟರು. ಅದು ಆರಿದ ಮೇಲೆ ಮೊಟ್ಟೆಯ ಹಳದಿ, ಸಕ್ಕರೆ, ಬೆಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ 12 ನಿಮಿಷ ಕೈಬಿಡದೆ ತಿರುವಿದೆ. ಚಮಚದ ಬೆನ್ನಿನ ಮೇಲೆ ಬೆರಳಿನಿಂದ ಎಳೆದ ಗೆರೆ ಹಾಗೆಯೇ ನಿಂತಿತು. ಆಗ ಇಳಿಸಿ ಕೊಬ್ಬರಿ, ಹುರಿದ ಅಕ್ರೋಟ್ ಬೆರೆಸಿದೆ. ಮೂಲ ಪಾಕದಲ್ಲಿ ಹಾಕುವ ಪೆಕಾನ್ (ಅಕ್ರೋಟಿನಂಥ ಬೀಜ) ಇಲ್ಲದ ಕೊರತೆ ಕಾಣಲಿಲ್ಲ. “ಪೂರ್ತಿ ಆರುವವರೆಗೆ ಹಚ್ಚಬೇಡ ತಂಗಿ” ಎಂದ ಅಕ್ಕನವರಿಗೆ ಕೈಮುಗಿಯುತ್ತೇನೆ. ಎರಡು ತಾಸು ಕಾದೆ, ಮೂರೂ ಪದರ ನೆಟ್ಟಗೆ ಕುಳಿತವು.

ಇದು ಜರ್ಮನಿಯ ತಿನಿಸೇ ಎಂದು ಒಬ್ಬರು ಕೇಳಿದ್ದರು. ಅಲ್ಲ, ಅಮೆರಿಕದ್ದು. 1852ರಲ್ಲಿ ಬೇಕರ್ಸ್ ಕಂಪನಿಗೆ ಸಿಹಿ ಚಾಕೊಲೇಟ್ ರೂಪಿಸಿದ ಸ್ಯಾಮ್ಯುಯೆಲ್ ಜರ್ಮನ್ ಅವರ ಹೆಸರು ಅದು. 1957ರಲ್ಲಿ ಡಲ್ಲಾಸ್‌ನ ಪತ್ರಿಕೆಯೊಂದರಲ್ಲಿ ಪಾಕವಿಧಾನ ಅಚ್ಚಾದ ಮೇಲೆ ಕೇಕು ಮನೆಮಾತಾಯಿತು.

ಕೇಕಿನ ಅಂಚು ಮಾತ್ರ ಇನ್ನೂ ಸ್ವಲ್ಪ ಒಣಗುತ್ತಿದೆ. ಮುಂದಿನ ಸಲ ಒಲೆಯಿಂದ ನಾಲ್ಕು ನಿಮಿಷ ಮೊದಲೇ ತೆಗೆಯುತ್ತೇನೆ.