ಹತ್ತು ದಿನ ಅಂದ್ರೆ ಹತ್ತು ದಿನ

ಎಲ್ಲರಿಗೂ ಸ್ತೋತ್ರ. ದೊಡ್ಡಮ್ಮ ಮಾತಾಡುದು. ಫ್ಯಾನಿನ ಶಬ್ದ ಬಂದ್ರೆ ಸ್ವಲ್ಪ ಸುಧಾರಿಸಿಕೊಳ್ಳಿ.

ಭಾಂಡೂಪಿನ ನಮ್ಮ ಸಣ್ಣವಳು ಬೆಳಿಗ್ಗೆ ಬರೆದದ್ದು ಈಗ ಓದಿದೆ. ಮಗ ನಮ್ಮ ಚರ್ಚಿನ ಟೀಮಿನ ಜೊತೆ 26ಕ್ಕೆ ಘಾನಾಕ್ಕೆ ಹೊರಡ್ತಾನೆ, ಟಿಕೆಟ್ ಆಗಿ ಉಂಟು, ಹಳದಿ ಜ್ವರದ ಇಂಜೆಕ್ಷನ್ ಇನ್ನೂ ಆಗ್ಲಿಲ್ಲ, ಅದು ಬೇಕೇ ಬೇಕಾ ಅಂತ ಕೇಳಿದ್ದಾಳೆ.

ಬೇಕೇ ಬೇಕು ಮಾರಾಯ್ತಿ. ಒಂಬತ್ತು ತಿಂಗಳು ದಾಟಿದ ಮಗುವಿನಿಂದ ಹಿಡಿದು ಎಲ್ಲರಿಗೂ ಘಾನಾದ ಒಳಗೆ ಕಾಲಿಡ್ಲಿಕ್ಕೆ ಆ ಇಂಜೆಕ್ಷನ್ ಆದದ್ದಕ್ಕೆ ಕೊಡುವ ಹಳದಿ ಕಾರ್ಡು ಬೇಕು. ಬರುವಾಗ ನಮ್ಮ ಮುಂಬಯಿಯಲ್ಲೂ ಕೇಳ್ತಾರೆ. ಇಲ್ಲದವರನ್ನು ಆರು ದಿನದ ತನಕ ಬೇರೆ ಇಡ್ಲಿಕ್ಕೆ ನಿಯಮ ಉಂಟು. ನಮ್ಮ ದೇಶದಲ್ಲಿ ಆ ಜ್ವರ ಇಲ್ಲ, ಆದ್ರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಬಾಲ್ಕನಿಯ ಹೂಕುಂಡದಲ್ಲೇ ಉಂಟು, ಡೆಂಗೀ ತರುವುದೂ ಅದೇ. ಒಬ್ಬರ ರಕ್ತದಲ್ಲಿ ಆ ಜ್ವರ ಬಂದಿಳಿದ್ರೆ ಊರಿಡೀ ಹಬ್ಬಬಹುದು. ಅದಕ್ಕೇ ಅಷ್ಟು ಬಿಗಿ.

ನನಗೆ ಆದದ್ದು ನಿಮಗೆಲ್ಲ ಗೊತ್ತುಂಟಲ್ಲ. ಆ ಸಲ ನಾವು ಏಳು ಜನ ಘಾನಾಕ್ಕೆ ಹೊರಟದ್ದು, ವಿಮಾನ 13ನೇ ತಾರೀಖು. ನಾನು ಇಂಜೆಕ್ಷನ್ ತಗೊಂಡದ್ದು 5ಕ್ಕೆ. ಏಜೆಂಟನ ಹತ್ರ ಕೇಳಿದ್ರೆ, "ಆಂಟಿ, ಕಾರ್ಡು ಕೈಯಲ್ಲಿದ್ರೆ ಸಾಕು, ದಿನ ಯಾರೂ ಎಣಿಸುದಿಲ್ಲ" ಅಂದ. ನಂಬಿದೆ. ಸಹಾರಿನ, ಅಂದ್ರೆ ನಮ್ಮ ಮುಂಬಯಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತ ಆ ಹುಡುಗಿ ಕಾರ್ಡು ಬಿಡಿಸಿ, ತಾರೀಖಿನ ಮೇಲೆ ಉಗುರಿಟ್ಟು, ಬೆರಳು ಮಡಚಿ ಎಣಿಸಿದ್ಳು. ಆರು, ಏಳು, ಎಂಟು. ಎಂಟಕ್ಕೆ ಅವಳ ಕೈ ನಿಂತಿತು. ಕಾರ್ಡಿನಲ್ಲೇ ಬರೆದಿತ್ತು, 15ರಿಂದ ಸಿಂಧು ಅಂತ. ಇಂಜೆಕ್ಷನ್ ಚುಚ್ಚಿದ ದಿನ ಲೆಕ್ಕಕ್ಕೆ ಬರುದಿಲ್ಲ, ಮರುದಿನದಿಂದ ಹತ್ತು ಎಣಿಸಬೇಕು, ಮೈಯಲ್ಲಿ ರಕ್ಷಣೆ ಹುಟ್ಟಲಿಕ್ಕೆ ಅಷ್ಟು ಸಮಯ ಹಿಡೀತದೆ. ಆರು ಜನ ಒಳಗೆ ಹೋದ್ರು, ನಾನು ಗಾಜಿನ ಹೊರಗೆ. ಅಲ್ಲಿಯ ಶಾಲೆಯ ಮಕ್ಕಳಿಗೆ ನಮ್ಮ ಚರ್ಚಿನ ಅನ್ಯೋನ್ಯ ಕೂಟದವರು ಹೊಲಿದ ಚೀಲಗಳು ಪೂರಾ ನನ್ನ ಪೆಟ್ಟಿಗೆಯಲ್ಲಿ. ಟಿಕೆಟ್ ಬದಲಾಯಿಸ್ಲಿಕ್ಕೆ ಬೇರೆ ಹಣ, ಎರಡು ದಿನ ತಡ, ಘಾನಾದ ರಾಜಧಾನಿ ಆಕ್ರಾದಲ್ಲಿ ಪಾಪ ಅಲ್ಲಿಯವರು ನನಗೋಸ್ಕರ ಇನ್ನೊಮ್ಮೆ ಗಾಡಿ ತಗೊಂಡು ಬಂದ್ರು.

ಹಾಗಾಗಿ ಹೇಳುದು, ಹತ್ತು ದಿನ ಅಂದ್ರೆ ಹತ್ತು ದಿನ. ಎಂಟಲ್ಲ, ಒಂಬತ್ತಲ್ಲ. ಏಜೆಂಟ್ ಎಂತ ಬೇಕಾದ್ರೂ ಹೇಳ್ಲಿ.

ಮೊದಲು ಟಿಕೆಟ್, ಮತ್ತೆ ಇಂಜೆಕ್ಷನ್ ಅಂತ ಯಾಕೆ ಮಾಡ್ತಾರೆ ಗೊತ್ತಾಗುದಿಲ್ಲ. ಸಮಿತಿಯಲ್ಲಿ ಎರಡು ಸಲ ಹೇಳಿದೆ. ಟೀ ಶರ್ಟಿನ ಬಣ್ಣ ಯಾವುದು ಅಂತ ಒಂದು ಗಂಟೆ ಚರ್ಚೆ ಆಯ್ತು, ಇದಕ್ಕೆ ಐದು ನಿಮಿಷ ಸಿಗ್ಲಿಲ್ಲ. ಮನಸ್ಸಿಗೆ ಬೇಜಾರಾದದ್ದು ಇನ್ನೊಂದು ಉಂಟು. ಘಾನಾದ ಆಕ್ರೊಪಾಂಗ್ ಊರಿನಿಂದ ಇಬ್ಬರು ನಮ್ಮಲ್ಲಿಗೆ ಬಂದಾಗ ವಿಮಾನ ನಿಲ್ದಾಣಕ್ಕೆ ಹೋದವರು ಯಾರು? ಚರ್ಚಿನ ಅಯ್ಯನವರು ಮತ್ತು ನಾನು, ಇಬ್ಬರೇ. ಅವತ್ತಿನ ಆರಾಧನೆಯಲ್ಲಿ ಅವರಿಗೆ ಮಾತಾಡ್ಲಿಕ್ಕೆ ಸಿಕ್ಕಿದ್ದು ಏಳು ನಿಮಿಷ. ನಾವು ಹೋದ್ರೆ ಅವರು ಇಡೀ ಊರು ಕೂಡಿಸ್ತಾರೆ. ಅವರೇನು ನಮಗೆ ಹೊರಗಿನವರಾ? ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು 1834ರಲ್ಲಿ ನಮ್ಮ ಮಂಗಳೂರಿಗೆ ಬಂದ್ರು, 1835ರಲ್ಲಿ ಅಲ್ಲಿ ಆಕ್ರೊಪಾಂಗಿಗೆ. ನಮಗೆ ಕಿಟೆಲ್ 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಹಾಗೆ ಅವರ ಟ್ವಿ ಭಾಷೆಗೆ ಕ್ರಿಸ್ಟಾಲರ್ 1881ರಲ್ಲೇ ನಿಘಂಟು ಮಾಡಿದ್ರು. ಒಂದೇ ಮನೆಯ ಎರಡು ಕವಲು ನಾವು. ಹೋಗುವ ಮಕ್ಕಳಿಗೆ ಇಷ್ಟಾದ್ರೂ ಹೇಳಿ ಕಳಿಸಬೇಕು. ಅಲ್ಲಿ ಎಡಗೈಯಲ್ಲಿ ಏನನ್ನೂ ಕೊಡಬಾರದು, ತಗೊಳ್ಳಬಾರದು, ನಮ್ಮ ಹಾಗೇ, ಅದನ್ನೂ ಹೇಳಿ.

ಅಯ್ಯೋ, ಮುಖ್ಯ ವಿಷಯವೇ ಬಿಟ್ಟೆ. ಮಗಳೇ, ಇವತ್ತು 4. ನಾಳೆ ಬೆಳಿಗ್ಗೆಯೇ ಸಹಾರಿನ ವಿಮಾನ ನಿಲ್ದಾಣ ಆರೋಗ್ಯ ಕಚೇರಿಯ ಲಸಿಕೆ ಕೇಂದ್ರದಲ್ಲಿ ವಿಚಾರಿಸಿ ದಿನ ತಗೋ. ಸರ್ಕಾರ ಗುರುತಿಸಿದ ಕೇಂದ್ರದ ಕಾರ್ಡು ಮಾತ್ರ ನಡೀತದೆ, ಗಲ್ಲಿಯ ಡಾಕ್ಟರ ಚೀಟಿ ನಡೆಯುದಿಲ್ಲ. ಒಂದು ಬಾಟಲಿಯಲ್ಲಿ ಹಲವರ ಡೋಸ್ ಇರ್ತದೆ, ಒಮ್ಮೆ ಕಲಸಿದ್ರೆ ಕೆಲವೇ ಗಂಟೆ ಬಾಳುದು. ಹಾಗಾಗಿ ಹೋದ ಕೂಡ್ಲೆ ಚುಚ್ಚುದಿಲ್ಲ, ದಿನ ಕೊಟ್ಟು ಕರೀತಾರೆ. 16 ದಾಟಿದ್ರೆ 26ಕ್ಕೆ ಕಾರ್ಡು ಸಿಂಧು ಆಗುದಿಲ್ಲ. 12ರ ಒಳಗೆ ಮುಗಿಸು.

ಹೋಗುವಾಗ ಮೂಲ ಪಾಸ್‌ಪೋರ್ಟೇ ಬೇಕು, ಜೆರಾಕ್ಸೂ ಇರ್ಲಿ. ಕಾರ್ಡು ಕೈಗೆ ಕೊಟ್ಟಲ್ಲೇ ನಿಂತು ನೋಡು: ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಉಂಟಾ, ಪಾಸ್‌ಪೋರ್ಟ್ ನಂಬರು ಸರಿ ಉಂಟಾ, ಲಸಿಕೆಯ ಬ್ಯಾಚ್ ನಂಬರು, ಡಾಕ್ಟರ ಸಹಿ, ಕೇಂದ್ರದ ಮೊಹರು. ಒಂದು ತಪ್ಪಿದ್ರೂ ಅಲ್ಲೇ ತಿದ್ದಿಸು.

ನಿನ್ನ ಮಗನಿಗೆ ಸಣ್ಣದಿರುವಾಗ ಮೊಟ್ಟೆ ತಿಂದ್ರೆ ಮೈಯೆಲ್ಲ ದದ್ದು ಏಳ್ತಿತ್ತಲ್ಲ, ಅದನ್ನು ಮರೀದೆ ಹೇಳು, ಈ ಲಸಿಕೆ ಮೊಟ್ಟೆಯಲ್ಲಿ ಬೆಳೆಸುದು. ಚಿಕನ್‌ಪಾಕ್ಸ್, ದಡಾರದಂಥ ಬೇರೆ ಜೀವಂತ ಲಸಿಕೆ ಈಚೆಗೆ ಆಗಿದ್ರೆ ನಾಲ್ಕು ವಾರ ಅಂತರ ಬೇಕಾಗ್ತದೆ. ಟೀಮಿನಲ್ಲಿ 60 ದಾಟಿ ಮೊದಲ ಸಲ ತಗೊಳ್ಳುವವರು ತಮ್ಮ ಡಾಕ್ಟರನ್ನು ಕೇಳಿಯೇ ಹೋಗ್ಲಿ. ಭಾವನವರ ಹಳೇ ಕಾರ್ಡಿನಲ್ಲಿ ಹತ್ತು ವರ್ಷ ಅಂತ ಬರೆದಿದ್ರೂ ಚಿಂತೆ ಬೇಡ, 2016ರಿಂದ ಅದು ಜೀವನಪೂರ್ತಿ.

ಮಲೇರಿಯಾ ಬೇರೆ ವಿಷಯ, ಅದಕ್ಕೆ ಈ ಇಂಜೆಕ್ಷನ್ ಅಲ್ಲ. ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದ್ರೆ ಹೊರಡುವ ಒಂದೆರಡು ದಿನ ಮೊದಲೇ ಶುರು ಮಾಡಿ, ದಿನಾ ತಗೊಂಡು, ವಾಪಸ್ ಬಂದ ಮೇಲೂ ನಾಲ್ಕು ವಾರ ಬಿಡಬಾರದು. ಮಕ್ಕಳು ಮನೆಗೆ ಬಂದ ಕೂಡ್ಲೆ ಬಿಡ್ತಾರೆ, ಅಲ್ಲೇ ಎಡವುದು. ಬಂದ ಮೇಲೆ ಜ್ವರ ಬಂದ್ರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಘಾನಾಕ್ಕೆ ಹೋಗಿದ್ದ ಅಂತ ಡಾಕ್ಟರಿಗೆ ಹೇಳಬೇಕು.

ಕಾರ್ಡು ಪೆಟ್ಟಿಗೆಗೆ ಹಾಕ್ಬೇಡ, ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿ. ಫೋನಿನಲ್ಲಿ ಫೋಟೋ ಇರ್ಲಿ, ಆದ್ರೆ ಕೌಂಟರಿನಲ್ಲಿ ತೋರಿಸ್ಲಿಕ್ಕೆ ಮೂಲವೇ ಬೇಕು. ಇನ್ನೊಮ್ಮೆ ಹೇಳ್ತೇನೆ, ಹತ್ತು ದಿನ ಅಂದ್ರೆ ಹತ್ತು ದಿನ. ಕೇಂದ್ರದವರು ದಿನ ಕೊಟ್ಟ ಕೂಡ್ಲೆ ಗ್ರೂಪಿಗೆ ಹಾಕು, ಉಳಿದ ಮಕ್ಕಳಿಗೂ ಅದೇ ದಿನ ಸಿಗ್ತದಾ ಕೇಳುವ. ಬೇಕಾದ್ರೆ ನಾನೇ ಜೊತೆಗೆ ಬರ್ತೇನೆ.