ಪದಚರ್ಚೆ: ಗೇರ್ ‘ಬದಲಾಗುತ್ತಿಲ್ಲ’ವೋ, ‘ಬೀಳುತ್ತಿಲ್ಲ’ವೋ?

ಎಟಿವಿ (ಕಚ್ಚಾದಾರಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿ) ದುರಸ್ತಿಯ ಟಿಪ್ಪಣಿಯೊಂದನ್ನು ಕನ್ನಡಕ್ಕೆ ತರುವಾಗ ‘ಗೇರ್ ಬದಲಾಗುತ್ತಿಲ್ಲ’ ಎಂಬ ಒಂದೇ ವಾಕ್ಯ ಪುಟಪುಟಕ್ಕೂ ಬರುತ್ತಿದೆ. ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಸ್ಪ್ಯಾನರ್ ಹಿಡಿದು ಕೂತವನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಮೈಸೂರಿನ ಬನ್ನಿಮಂಟಪದ ಗ್ಯಾರೇಜಿನಲ್ಲೋ ಮಂಡ್ಯದ ಗುತ್ತಲು ರಸ್ತೆಯಲ್ಲೋ ಹೀಗೆಂದರೆ ತಕ್ಷಣ ಮರುಪ್ರಶ್ನೆ ಬರುತ್ತದೆ: ‘ಬೀಳ್ತಾನೇ ಇಲ್ವಾ, ಬಿದ್ದು ಬಿಟ್ಕೋತಾ ಇದ್ಯಾ?’ ಕಾರಣ ಹುಡುಕುವ ಕೆಲಸ ಆ ಪ್ರಶ್ನೆಯಲ್ಲೇ ಅರ್ಧ ಮುಗಿದಿರುತ್ತದೆ.

ಯಂತ್ರದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಹೋಂಡಾ ರಾಂಚರ್, ಫೋರ್‌ಮನ್‌ನಂಥ ಎಟಿವಿಗಳ ‘ಇಎಸ್’ (ಎಲೆಕ್ಟ್ರಿಕ್ ಶಿಫ್ಟ್) ಮಾದರಿಯಲ್ಲಿ ಕಾಲಿನಿಂದ ಗೇರ್ ಹಾಕುವುದಿಲ್ಲ. ಎಡಗೈ ಹಿಡಿಯ ಹತ್ತಿರ ಏರಿಸಲು ಒಂದು, ಇಳಿಸಲು ಒಂದು ಗುಂಡಿ ಇರುತ್ತದೆ. ಒತ್ತಿದರೆ ಕಂಟ್ರೋಲ್ ಯೂನಿಟ್ ಶಿಫ್ಟ್ ಮೋಟರಿಗೆ ಕರೆಂಟ್ ಬಿಡುತ್ತದೆ. ಮೋಟರು ಹಲ್ಲುಚಕ್ರಗಳ ಮೂಲಕ ಶಿಫ್ಟ್ ಸ್ಪಿಂಡಲ್ ಎಂಬ ದಂಡವನ್ನು ಹೊರಳಿಸುತ್ತದೆ. ಆ ಒಂದೇ ಹೊರಳಿನಲ್ಲಿ ಮೊದಲು ಕ್ಲಚ್ ಬಿಡುತ್ತದೆ, ಆಮೇಲೆ ಗೇರ್ ಆರಿಸುವ ಉರುಳೆ, ಅಂದರೆ ಶಿಫ್ಟ್ ಡ್ರಮ್, ಒಂದು ಮನೆ ಸರಿಯುತ್ತದೆ. ಸ್ಪಿಂಡಲ್ ಎಷ್ಟು ಹೊರಳಿತು ಎಂದು ಯೂನಿಟ್ಟಿಗೆ ಹೇಳುವುದು ಆಂಗಲ್ ಸೆನ್ಸರ್.

ಈಗ ಕ್ರಿಯಾಪದಗಳಿಗೆ ಬರೋಣ.

‘ಗೇರ್ ಬೀಳ್ತಿಲ್ಲ, ಸದ್ದೂ ಇಲ್ಲ’ ಎಂದರೆ ಮೋಟರಿಗೆ ಕರೆಂಟೇ ಹೋಗುತ್ತಿಲ್ಲ, ಇಲ್ಲವೆ ಮೋಟರಿನ ಬ್ರಷ್ ಸವೆದಿದೆ. ಮೊದಲು ಬ್ಯಾಟರಿ ನೋಡಬೇಕು. ಎಂಜಿನ್ ನಿಲ್ಲಿಸಿ ಒಂದೆರಡು ಗಂಟೆ ಬಿಟ್ಟು ಅಳೆದಾಗ 12.6ರಿಂದ 12.8 ವೋಲ್ಟ್ ಇರಬೇಕು. 12.4ರ ಹತ್ತಿರ ಇದ್ದರೆ ಚಾರ್ಜ್ ಮುಕ್ಕಾಲು ಪಾಲು ಅಷ್ಟೆ, 12ಕ್ಕೆ ಇಳಿದಿದ್ದರೆ ಕಾಲು ಪಾಲು. ನಿಂತಾಗ 12.6 ತೋರಿಸಿ, ಗುಂಡಿ ಒತ್ತಿದೊಡನೆ ಕುಸಿಯುವ ಮುದಿ ಬ್ಯಾಟರಿಗಳೂ ಉಂಟು. ಹಾಗಾಗಿ ವೋಲ್ಟ್ ಅಳೆಯುವ ಮೀಟರ್ ಹಚ್ಚಿಟ್ಟುಕೊಂಡೇ ಗುಂಡಿ ಒತ್ತಬೇಕು. ಬ್ಯಾಟರಿ ಸರಿ ಇದ್ದರೆ ಅರ್ಥ್, ಅಂದರೆ ಬ್ಯಾಟರಿಯ ಮೈನಸ್ಸಿನಿಂದ ಗಾಡಿಯ ಲೋಹಕ್ಕೆ ಹೋಗುವ ಜೋಡಣೆ, ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿಲೋಹಕ್ಕೆ ಇಟ್ಟು ಗುಂಡಿ ಒತ್ತಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ತಂತಿಯ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಬೇಕು. ಮೋಟರನ್ನೇ ಪರೀಕ್ಷಿಸಲು ಅದರ ಪ್ಲಗ್ ಕಳಚಿ, ಮೋಟರ್ ಕಡೆಯ ಎರಡು ತುದಿಗೆ ನೇರವಾಗಿ 12 ವೋಲ್ಟ್ ಕ್ಷಣಮಾತ್ರ ಮುಟ್ಟಿಸಿ. ಒಂದು ಕಡೆಗೆ ತಿರುಗಬೇಕು, ತಂತಿ ಅದಲುಬದಲು ಮಾಡಿದರೆ ಎದುರು ದಿಕ್ಕಿಗೆ. ಎರಡೂ ಕಡೆ ಅಲುಗದಿದ್ದರೆ ತಪ್ಪು ಮೋಟರಿನದೇ.

‘ಗೊರ್ ಅಂತದೆ, ಬೀಳಕಿಲ್ಲ’ ಬೇರೆ ಮಾತು. ಮೋಟರ್ ಜೀವಂತವಾಗಿದೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕ್ಲಚ್ಚಿನ ಹೊಂದಿಕೆ ತಿರುಪಿನ ಲಾಕ್‌ನಟ್ ಸಡಿಲಿಸಿ, ತಿರುಪನ್ನು ಗಡಿಯಾರದ ಎದುರು ದಿಕ್ಕಿಗೆ ಬಿಗಿ ತಗಲುವವರೆಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತು ವಾಪಸ್ ತಂದು, ತಿರುಪು ಅಲುಗದಂತೆ ಹಿಡಿದು ನಟ್ ಬಿಗಿಯುವುದು ರಾಂಚರ್ 350ರ ಕ್ರಮ. ಬಲವಾಗಿ ತಿರುಚಬಾರದು, ಬಿಗಿ ಸಿಕ್ಕಲ್ಲಿಗೆ ನಿಲ್ಲಬೇಕು. ಇಲ್ಲಿ ‘ಬೀಳ್ತಿಲ್ಲ’ಕ್ಕೂ ಮಂಡ್ಯದ ‘ಬೀಳಕಿಲ್ಲ’ಕ್ಕೂ ಇರುವ ಅಂತರ ಗಮನಿಸಿ. ಮೊದಲನೆಯದು ಈ ಹೊತ್ತಿನ ಸಂಗತಿ, ಎರಡನೆಯದು ಯಾವತ್ತೂ ಹಾಗೇ ಎಂಬ ದೂರು. ಆಗೀಗ ಬರುವ ತೊಂದರೆಗೆ ಕನೆಕ್ಟರ್ ಬಿಚ್ಚಿ ನೋಡಬೇಕು, ಸದಾ ಇರುವ ತೊಂದರೆಗೆ ಹೊಂದಿಕೆ, ಸವೆತ. ಗ್ರಂಥಭಾಷೆಯ ‘ಬೀಳುವುದಿಲ್ಲ’ಕ್ಕೂ ಆ ಕೆಲಸ ಗೊತ್ತು, ಅನುವಾದಕರೇ ಅದಕ್ಕೆ ಕೆಲಸ ಕೊಡುತ್ತಿಲ್ಲ.

‘ಬಿದ್ದು ಬಿಟ್ಕೊಳ್ತದೆ’ ಎಂದರೆ ಗೇರ್ ಕೂತಿದೆ, ಕಚ್ಚಿಲ್ಲ. ಇದು ವಿದ್ಯುತ್ತಿನ ಊರಲ್ಲ. ಗೇರನ್ನು ಸರಿಸುವ ಕವಲು (ಶಿಫ್ಟ್ ಫೋರ್ಕ್), ಗೇರಿನ ಹಲ್ಲಿನ ಮೂಲೆ ಸವೆದಿರುತ್ತದೆ, ಎಂಜಿನ್ ಬಿಚ್ಚದೆ ದಾರಿಯಿಲ್ಲ. ‘ಬದಲಾಗುತ್ತಿಲ್ಲ’ ಎಂದು ಅನುವಾದಿಸಿದವರು ಇಂಥ ಗಾಡಿಗೂ ಹೊಸ ಮೋಟರ್ ಕೊಡಿಸಿಬಿಡುತ್ತಾರೆ!

ನಾಲ್ಕನೆಯದು ಮಾತಿನಲ್ಲಿ ಇನ್ನೂ ನೆಲೆಯೂರಿಲ್ಲ: ಗಾಡಿಯ ಮೀಟರಿನಲ್ಲಿ ಗೇರ್ ಅಂಕಿ ಬರುವ ಜಾಗದಲ್ಲಿ ಅಡ್ಡಗೆರೆ ಮಿಣುಕುತ್ತದೆ, ಗುಂಡಿಗೆ ಉತ್ತರವಿಲ್ಲ. ಕೀ ಆಫ್ ಮಾಡಿ ಆನ್ ಮಾಡಿದರೆ ಕೆಲಹೊತ್ತು ಸರಿಹೋಗುತ್ತದೆ. ‘ಮೀಟರ್ ಕಣ್ಣು ಹೊಡೀತದೆ’ ಎಂದು ಕೆಲವರು ಅನ್ನುತ್ತಾರೆ, ನನಗಂತೂ ಅದೇ ಇಷ್ಟ. ಇಂಥ ಕಡೆ ಮೊದಲು ಅನುಮಾನಿಸಬೇಕಾದ್ದು ಆಂಗಲ್ ಸೆನ್ಸರನ್ನು. ಅದು ಎಂಜಿನ್ನಿನ ಮುಂಬದಿಯ ಕವಚದಲ್ಲಿರುವುದರಿಂದ ನಾಲೆ ಬದಿಯ ಕೆಸರು ನೇರ ಅಲ್ಲಿಗೇ ಬಡಿಯುತ್ತದೆ. ಅದರ ಮೂರು ತಂತಿಯ ಪ್ಲಗ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಕಿಲುಬು ಕಾಣಬಹುದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ ಹಾಕಿ. ಆಮೇಲೂ ಬಂದರೆ ಸೆನ್ಸರ್ ಬಿಚ್ಚಿ, ನಡುವಿನ ಪಿನ್ ಮತ್ತು ಒಂದು ಅಂಚಿನ ಪಿನ್ ನಡುವೆ ಓಮ್ ಅಳೆಯುತ್ತ ಮೆಲ್ಲಗೆ ತಿರುಗಿಸಬೇಕು. ಅಂಕಿ ನುಣ್ಣಗೆ ಏರಬೇಕು, ಇಳಿಯಬೇಕು. ಎಲ್ಲಾದರೂ ಜಿಗಿದರೆ ಬದಲಿಸುವುದೇ ಸೈ. ಗದ್ದೆ ನಡುವೆ ಕೈಕೊಟ್ಟರೆ, ಸ್ಪಿಂಡಲನ್ನು ಕೈಯಲ್ಲೇ ಹೊರಳಿಸಿ ಗೇರ್ ಹಾಕುವ ಸನ್ನೆಯೊಂದು ಟೂಲ್‌ಕಿಟ್ಟಿನಲ್ಲೇ ಇರುತ್ತದೆ.

ರಿವರ್ಸ್ ಒಂದೇ ಬೀಳದಿದ್ದರೆ ಇದಾವುದೂ ಅಲ್ಲ. ರಿವರ್ಸ್ ಬೀಗದ ಕೇಬಲ್ ಸಡಿಲವಾಗಿದೆಯೇ ನೋಡಿ.

ಹೀಗಾಗಿ ‘ಬೀಳು’, ‘ಕೂರು’, ‘ಕಚ್ಚು’, ‘ಬಿಟ್ಟುಕೊಳ್ಳು’ ನಾಲ್ಕನ್ನೂ ಹಾಗೇ ಇಟ್ಟುಕೊಳ್ಳುವುದು ನನ್ನ ಪ್ರಸ್ತಾವ. ‘ಕಚ್ಚು’ ಹೇಗೂ ಆಲೆಮನೆಯ ಗಾಣದ ಹಲ್ಲುಚಕ್ರಕ್ಕೆ ಬಳಕೆಯಲ್ಲಿದೆ.

ತೊಡಕಿರುವುದು ‘ಸ್ಪಿಂಡಲ್’ನಲ್ಲಿ. ಅನುವಾದದ ಕರಡಿನಲ್ಲಿ ‘ಕದಿರು’ ಎಂದಿದೆ. ಕದಿರು ರಾಟೆಯದು, ಸುತ್ತುತ್ತಲೇ ಇರುತ್ತದೆ. ಇದು ಹಾಗಲ್ಲ, ತುಸು ಹೊರಳಿ ಮತ್ತೆ ನಡುವಿಗೆ ಬರುತ್ತದೆ. ‘ಕದಿರು’ ಓದಿದವನು ಅದು ಸುತ್ತುತ್ತಿಲ್ಲವೆಂದು ದೂರಿಯಾನು. ‘ಅಚ್ಚು’ ಎನ್ನೋಣವೆಂದರೆ ಎತ್ತಿನಗಾಡಿಯ ಅಚ್ಚು ಅಲುಗುವುದೇ ಇಲ್ಲ, ಗಾಲಿ ಮಾತ್ರ ತಿರುಗುತ್ತದೆ. ಹಳೆಯ ತೊಟ್ಟಿಮನೆಗಳಲ್ಲಿ ಕೀಲಿಲ್ಲದ ಬಾಗಿಲಿನ ಮೇಲೆ ಕೆಳಗೆ ಮರದ ಗೂಟವಿದ್ದು, ಹೊಸ್ತಿಲ ಗುಳಿಯಲ್ಲಿ ಕೂತು ಹೀಗೇ ಹೊರಳಿ ಮರಳುತ್ತದಲ್ಲ, ಅದನ್ನು ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ? ‘ತಿರುಗಣಿ’ಯೆ, ಬೇರೆ ಹೆಸರುಂಟೆ? ಮಳವಳ್ಳಿ, ನಾಗಮಂಗಲ, ಟಿ. ನರಸೀಪುರ ಕಡೆಯವರು ತಿಳಿಸಿದರೆ ಕರಡು ಮುಂದೆ ಸಾಗುತ್ತದೆ.