ಸೆಕೆಂಡ್ ಹ್ಯಾಂಡ್ ಮಿನಿ ಕೊಳ್ಳುವುದೋ, ಫಿಯಟ್ 500 ಕೊಳ್ಳುವುದೋ? ಇಂಗ್ಲೆಂಡಿನ ಕನ್ನಡಿಗರ ಅನುಭವ

ಕೇಳಿದವರು, ರೀಡಿಂಗ್

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ನನ್ನ ಹೆಂಡತಿಗೆ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಎಂಟು ತಿಂಗಳ ಹಿಂದೆ ಇಂಗ್ಲೆಂಡಿಗೆ ಬಂದು ನೆಲೆಸಿದ್ದೇವೆ. ಆಕೆಯ ರಾತ್ರಿ ಪಾಳಿಯ ಹೊತ್ತಿಗೆ ಬಸ್ಸುಗಳು ವಿರಳವಾಗಿರುವುದರಿಂದ ಆರು ಸಾವಿರ ಪೌಂಡಿನೊಳಗೆ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬೇಕೆಂದಿದ್ದೇವೆ. ದುಂಡು ದೀಪದ, ಹಳೆಯ ಕಾಲದ ರೂಪವಿರುವ ಕಾರೇ ಬೇಕೆಂಬುದು ಆಕೆಯ ಬಹುಕಾಲದ ಆಸೆ. ಆದ್ದರಿಂದ ಮಿನಿ ಅಥವಾ ಫಿಯಟ್ 500, ಈ ಎರಡರಲ್ಲೇ ಹುಡುಕುತ್ತಿದ್ದೇವೆ. ಸದ್ಯ ಇಬ್ಬರ ಬಳಿಯೂ ಇರುವುದು ಭಾರತದ ಲೈಸೆನ್ಸ್. ದಿನಕ್ಕೆ ಹೋಗಿಬರುವ ದೂರ ಹನ್ನೆರಡು ಮೈಲಿ. ಮೂರು ವರ್ಷದ ಮಗಳಿದ್ದಾಳೆ. ಊರಿನಲ್ಲಿ ಹತ್ತು ವರ್ಷ ಮಾರುತಿ 800 ಓಡಿಸಿದ್ದು ಬಿಟ್ಟರೆ ನನಗೆ ಕಾರುಗಳ ಜ್ಞಾನ ಹೆಚ್ಚಿಲ್ಲ. ಯಾವ ವರ್ಷದ ಕಾರು ನೋಡಬೇಕು, ಏನನ್ನು ಪರೀಕ್ಷಿಸಬೇಕು ಎಂಬುದನ್ನು ಕೊಂಡು ಬಳಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಆಕ್ಸ್‌ಫರ್ಡ್‌ನಿಂದ

ನಾನು ಮಿನಿ ತಯಾರಾಗುವ ಕೌಲಿಯ ಕಾರ್ಖಾನೆಯಿಂದ ಎರಡು ಮೈಲಿ ದೂರದಲ್ಲಿದ್ದೇನೆ. 2015ರ ಮಿನಿ ಕೂಪರ್ ಕಾರನ್ನು ಆರು ವರ್ಷದಿಂದ ಓಡಿಸುತ್ತಿದ್ದೇನೆ. ಮಿನಿ ಎಂಬ ಹೆಸರೊಂದನ್ನೇ ನೋಡಿ ಕೊಳ್ಳಬೇಡಿ, ಅದು ಯಾವ ಪೀಳಿಗೆಯದೆಂದು ಮೊದಲು ಗೊತ್ತುಮಾಡಿಕೊಳ್ಳಿ. ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿ 1959ರಲ್ಲಿ ಹೊರಬಂದ ಮೂಲ ಮಿನಿ 2000ದ ಅಕ್ಟೋಬರ್‌ಗೆ ನಿಂತುಹೋಯಿತು. ಬಿಎಂಡಬ್ಲ್ಯು ಒಡೆತನದಲ್ಲಿ 2001ರಲ್ಲಿ ಬಂದದ್ದು ಬೇರೆಯೇ ಕಾರು. ಅದರ ಮುಖಲಕ್ಷಣ ಮಾತ್ರ ಹಳೆಯದರದು. ಈ ಹೊಸ ಮಿನಿಯಲ್ಲಿಯೂ ನಿಮ್ಮ ಹಣಕ್ಕೆ ಎಟುಕುವ ಪೀಳಿಗೆಗಳು ಮೂರು.

2001ರಿಂದ 2006ರವರೆಗಿನದು ಅಗ್ಗವಾಗಿ ಸಿಗುತ್ತದೆ ಮತ್ತು ನೋಡಲು ಬಹಳ ಮುದ್ದಾಗಿದೆ. ಆದರೆ 2004ರ ಮಧ್ಯಭಾಗಕ್ಕಿಂತ ಮುಂಚಿನ ಒನ್ ಮತ್ತು ಕೂಪರ್ ಮಾದರಿಗಳ ಗೇರ್‌ಬಾಕ್ಸ್ ದುರ್ಬಲವೆಂಬುದು ಇಲ್ಲಿನ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಸಂಗತಿ. ಜೊತೆಗೆ, ಮಂಜು ಕಟ್ಟದಂತೆ ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಹಾಕುವ ಉಪ್ಪನ್ನು ಇಪ್ಪತ್ತು ವರ್ಷ ಕುಡಿದ ಅಡಿಭಾಗ ಹೇಗಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ. 2006ರ ಕೊನೆಯಿಂದ 2013ರವರೆಗಿನ ಎರಡನೆಯ ಪೀಳಿಗೆಯ ಪೆಟ್ರೋಲ್ ಎಂಜಿನ್ ಪ್ಯೂಜೋ-ಸಿಟ್ರೊಯೆನ್ ಜೊತೆಗೂಡಿ ರೂಪಿಸಿದ್ದು. ಅದರಲ್ಲಿಯೂ 2010ಕ್ಕಿಂತ ಮುಂಚಿನ ಕೂಪರ್ ಎಸ್ ಎಂಬ ಹೆಚ್ಚು ಶಕ್ತಿಯ ಮಾದರಿಯಲ್ಲಿ ಟೈಮಿಂಗ್ ಚೈನ್ (ಎಂಜಿನ್ನಿನ ಒಳಭಾಗಗಳು ತಾಳ ತಪ್ಪದೆ ತಿರುಗುವಂತೆ ಮಾಡುವ ಸರಪಳಿ) ಸಡಿಲಗೊಳ್ಳುವುದು ಹೆಸರಾಂತ ದೋಷ. ಎಂಜಿನ್ ಪೂರ್ತಿ ತಣ್ಣಗಿರುವಾಗ ಚಾಲೂ ಮಾಡಿದರೆ, ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಸದ್ದು ಕೆಲವು ಕ್ಷಣ ಕೇಳಿಸುತ್ತದೆ. ಎಂಜಿನ್ ಬಿಸಿಯಾದ ಮೇಲೆ ಅದು ಅಡಗಿಹೋಗುವುದರಿಂದಲೇ ಮೋಸ ಹೋಗುವುದು ಸುಲಭ. ಹೀಗಾಗಿ ಫೋನಿನಲ್ಲಿಯೇ "ನಾನು ಬರುವವರೆಗೆ ದಯವಿಟ್ಟು ಕಾರನ್ನು ಚಾಲೂ ಮಾಡಬೇಡಿ" ಎಂದು ಹೇಳಿಡಿ, ಮತ್ತು ಹೋದ ಕೂಡಲೇ, ಮಾತಿಗೆ ಮುಂಚೆ, ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂತಿರುಗುವುದರಲ್ಲಿ ಸಂಕೋಚ ಬೇಡ.

ಬಾನೆಟ್ ಎತ್ತಿದಾಗ ಇನ್ನೆರಡು ಕೆಲಸ ಮಾಡಿ. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ಆಯಿಲ್ ಮಟ್ಟ ನೋಡಿ. ಈ ಪೀಳಿಗೆಯ ಎಂಜಿನ್‌ಗಳು ಆಯಿಲ್ ಕುಡಿಯುತ್ತವೆ. ಮಟ್ಟ ಕೆಳಗಿನ ಗುರುತಿಗಿಂತಲೂ ಇಳಿದಿದ್ದರೆ ಮಾಲೀಕರು ತಿಂಗಳುಗಟ್ಟಲೆ ಅದರತ್ತ ನೋಡಿಲ್ಲವೆಂದೇ ಅರ್ಥ, ಮತ್ತು ಚೈನ್ ಬೇಗ ಹಾಳಾಗುವುದು ಅಂಥವರ ಕಾರಿನಲ್ಲಿಯೇ. ಅನಂತರ ಬಗ್ಗಿ ಮೂಸಿ ನೋಡಿ: ಕಾಯಿಸಿದ ಬೆಲ್ಲದಂಥ ಸಿಹಿ ವಾಸನೆ ಬಂದರೆ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಸೋರುತ್ತಿದೆ. ಆ ದ್ರವ ಹಾದುಹೋಗುವ ಥರ್ಮೋಸ್ಟಾಟ್‌ನ ಪ್ಲಾಸ್ಟಿಕ್ ಕವಚ ಬಿರುಕು ಬಿಡುವುದು ಇವುಗಳಲ್ಲಿ ಸಾಮಾನ್ಯ.

ನನ್ನ ಶಿಫಾರಸು 2014ರಿಂದ ಬಂದ ಮೂರನೆಯ ಪೀಳಿಗೆ. ಕೂಪರ್‌ನಲ್ಲಿ 1.5 ಲೀಟರ್, ಒನ್‌ನಲ್ಲಿ 1.2 ಲೀಟರ್, ಎರಡೂ ಮೂರು ಸಿಲಿಂಡರ್‌ನ ಟರ್ಬೊ ಎಂಜಿನ್‌ಗಳು. ನಿಮ್ಮ ಹಣಕ್ಕೆ ಹೆಚ್ಚು ಮೈಲಿ ಓಡಿದ್ದೇ ಸಿಗಬಹುದು. ಆದರೂ ಪ್ರತಿ ವರ್ಷ ಆಯಿಲ್ ಬದಲಿಸಿದ ದಾಖಲೆಯಿರುವ ಎಂಬತ್ತು ಸಾವಿರ ಮೈಲಿಯ ಕಾರನ್ನು, ದಾಖಲೆಯೇ ಇಲ್ಲದ ನಲವತ್ತು ಸಾವಿರ ಮೈಲಿಯ ಕಾರಿಗಿಂತ ಮೇಲೆಂದು ನಾನು ಎಣಿಸುತ್ತೇನೆ. ಡೀಸೆಲ್ ಬೇಡವೇ ಬೇಡ. ದಿನಕ್ಕೆ ಆರಾರು ಮೈಲಿಯ ಎರಡು ಓಟದಲ್ಲಿ ಅದರ ಹೊಗೆಯ ಫಿಲ್ಟರಿನಲ್ಲಿ ಸೇರಿದ ಮಸಿ ಸುಟ್ಟುಹೋಗುವಷ್ಟು ಕಾವೇರುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಲೆಸ್ಟರ್‌ನಿಂದ

ಮೇಲಿನವರು ಮಿನಿಯ ವಿಷಯವನ್ನು ವಿವರವಾಗಿ ಹೇಳಿದ್ದಾರೆ. ನಾನು ಫಿಯಟ್ 500ರ ಪರವಾಗಿ ಬರೆಯುತ್ತೇನೆ. 1957ರ ಮೂಲ ಕಾರು ಬಂದ ಐವತ್ತು ವರ್ಷಕ್ಕೆ ಸರಿಯಾಗಿ, 2007ರ ಜುಲೈ 4ರಂದು ಟ್ಯೂರಿನ್‌ನಲ್ಲಿ ಈ ಕಾರನ್ನು ಅನಾವರಣಗೊಳಿಸಿದರು. ತಯಾರಾದದ್ದು ಮಾತ್ರ ಪೋಲೆಂಡಿನ ಟಿಖಿ ಎಂಬ ಊರಿನಲ್ಲಿ, ಫಿಯಟ್ ಪಾಂಡಾ ಕಾರಿನ ತಳಹದಿಯ ಮೇಲೆ. ಆದ್ದರಿಂದ ಹೊರಗೆ ಎಷ್ಟು ಶೃಂಗಾರವಿದ್ದರೂ ಒಳಗೆ ಅದು ಸರಳ ಕಾರು, ಬಿಡಿಭಾಗಗಳು ಅಗ್ಗ, ಯಾವ ಬೀದಿಯ ಮೆಕ್ಯಾನಿಕ್ ಕೂಡ ರಿಪೇರಿ ಮಾಡಬಲ್ಲ. ನಾನು ನಾಲ್ಕು ವರ್ಷ ಇಟ್ಟುಕೊಂಡಿದ್ದೆ, ಮಾರುವಾಗ ಮನಸ್ಸಿಗೆ ನೋವಾಯಿತು.

ಎಂಜಿನ್‌ಗಳಲ್ಲಿ 1.2 ಲೀಟರಿನದನ್ನೇ ಆರಿಸಿಕೊಳ್ಳಿ. 69 ಅಶ್ವಶಕ್ತಿಯ ಅದು ಹೆದ್ದಾರಿಯ ಏರಿನಲ್ಲಿ ಏದುಸಿರು ಬಿಡುತ್ತದೆ. ಊರೊಳಗಿನ ಓಡಾಟಕ್ಕೆ ಅದರಷ್ಟು ಒಳ್ಳೆಯದು ಇಲ್ಲ. ಅದಕ್ಕೆ ಚೈನ್ ಬದಲು ಟೈಮಿಂಗ್ ಬೆಲ್ಟ್ ಇರುವುದರಿಂದ, ಮೈಲಿ ಕಡಿಮೆಯಿದ್ದರೂ ಬೆಲ್ಟ್ ಬದಲಿಸಿ ಎಷ್ಟು ವರ್ಷವಾಯಿತೆಂದು ರಸೀತಿ ಸಮೇತ ಕೇಳಿ. ಎರಡೇ ಸಿಲಿಂಡರ್‌ನ ಟ್ವಿನ್‌ಏರ್ ಎಂಜಿನ್ ಸದ್ದು ಕೇಳಲು ಮಜವಾಗಿದೆ, ಆದರೆ ಕಾಗದದ ಮೇಲಿನ ಮೈಲೇಜು ರಸ್ತೆಯ ಮೇಲೆ ಬರುವುದಿಲ್ಲ. ಡ್ಯುಯಲಾಜಿಕ್ ಎಂದು ಬರೆದಿರುವ ಕಾರು ನಿಜವಾದ ಆಟೊಮ್ಯಾಟಿಕ್ ಅಲ್ಲ. ಸಾಮಾನ್ಯ ಗೇರ್‌ಬಾಕ್ಸ್‌ನ ಕ್ಲಚ್ಚನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ, ಮತ್ತು ಆ ಯಂತ್ರ ಕೈಕೊಟ್ಟರೆ ರಿಪೇರಿ ದುಬಾರಿ. ಎಂಜಿನ್ ಚಾಲೂ ಇರುವಾಗ ಸ್ಟೀರಿಂಗನ್ನು ಎಡತುದಿಯಿಂದ ಬಲತುದಿಯವರೆಗೆ ಎರಡು ಮೂರು ಸಲ ತಿರುಗಿಸಿ, ಕೆಂಪು ದೀಪ ಹೊತ್ತಿಕೊಳ್ಳುತ್ತದೆಯೇ ನೋಡಿ. ಹಳೆಯ 500ಗಳಲ್ಲಿ ವಿದ್ಯುತ್ ಸ್ಟೀರಿಂಗ್ ಕೆಡುವುದುಂಟು. ಮುಂದಿನ ಚಕ್ರದ ಸ್ಪ್ರಿಂಗ್ ಮುರಿದಿರುವುದೂ ಅಪರೂಪವಲ್ಲ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಮಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಈ ಕಾರಿಗೆ ಬಾಗಿಲು ಎರಡೇ, ಹಿಂದೆ ಇಬ್ಬರಿಗೆ ಮಾತ್ರ ಜಾಗ. ನಿದ್ದೆಹೋದ ಮೂರು ವರ್ಷದ ಮಗುವನ್ನು ಮುಂದಿನ ಸೀಟು ಮಡಚಿ, ಸೊಂಟ ಬಗ್ಗಿಸಿ, ಹಿಂದಿನ ಸೀಟಿಗೆ ಕಟ್ಟುವ ಸರ್ಕಸ್ಸನ್ನು ಮಳೆಯಲ್ಲಿ ಒಂದು ಸಲ ಮಾಡಿದರೆ ಸಾಕು. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ 2007ರಲ್ಲಿ ಇದಕ್ಕೆ ಐದು ನಕ್ಷತ್ರ ಕೊಟ್ಟಿತ್ತು. 2017ರಲ್ಲಿ, ನಿಯಮಗಳು ಬಿಗಿಯಾದ ಮೇಲೆ, ಮತ್ತೆ ಪರೀಕ್ಷಿಸಿ ಮೂರೇ ಕೊಟ್ಟಿತು. ಮಗುವಿನ ಸೀಟನ್ನು ಜೊತೆಯಲ್ಲೇ ಒಯ್ದು, ಕೂರಿಸಿ ನೋಡದೆ ಯಾವ ಕಾರಿಗೂ ಮುಂಗಡ ಕೊಡಬೇಡಿ. ಮಿನಿಯಲ್ಲಾದರೆ 2014ರ ಕೊನೆಯಿಂದ ಐದು ಬಾಗಿಲಿನ ಮಾದರಿಯಿದೆ. ಕ್ಲಬ್‌ಮನ್ ಎಂಬ ಉದ್ದನೆಯ ಮಿನಿಯ 2007ರ ಮಾದರಿಯ ಬಗ್ಗೆ ಮಾತ್ರ ಎಚ್ಚರ: ಹಿಂದಿನ ಪುಟ್ಟ ಬಾಗಿಲನ್ನು ಬಲಗಡೆಗೆ ಇಟ್ಟಿದ್ದಾರೆ, ಅಂದರೆ ಇಲ್ಲಿ ಮಗು ಇಳಿಯುವುದು ವಾಹನಗಳು ಓಡಾಡುವ ಬದಿಗೆ. ಇಂಗ್ಲೆಂಡಿನಲ್ಲೇ ತಯಾರಾದ ಕಾರಿನಲ್ಲಿ ಈ ಯೋಚನೆ ಯಾರಿಗೆ ಹೊಳೆಯಿತೋ ಕಾಣೆ.

ಬರ್ಮಿಂಗ್‌ಹ್ಯಾಮ್‌ನಿಂದ

ಕಾರು ನೋಡಲು ಹೊರಡುವ ಮುನ್ನ, ಮನೆಯಲ್ಲಿ ಕುಳಿತೇ ಅರ್ಧ ಕೆಲಸ ಮುಗಿಸಬಹುದು. ನಮ್ಮ ಕಡೆಯ ಎಫ್‌ಸಿಯಂತೆ ಇಲ್ಲಿ ಎಂಒಟಿ ಎಂಬ ಪರೀಕ್ಷೆಯಿದೆ. ಮೂರು ವರ್ಷ ತುಂಬಿದ ಪ್ರತಿ ಕಾರಿಗೂ ವರ್ಷಕ್ಕೊಮ್ಮೆ ಅದು ಕಡ್ಡಾಯ. ನಂಬರ್ ಪ್ಲೇಟಿನ ಸಂಖ್ಯೆ ಕೊಟ್ಟರೆ ಆ ಕಾರಿನ ಎಲ್ಲ ಎಂಒಟಿಗಳ ಫಲಿತಾಂಶವನ್ನು ಸರ್ಕಾರದ ಜಾಲತಾಣ ಉಚಿತವಾಗಿ ತೋರಿಸುತ್ತದೆ. ಪಾಸಾಗಿದೆಯೇ ಎಂದಷ್ಟೇ ನೋಡಿ ಮುಚ್ಚಬೇಡಿ. ಪ್ರತಿ ವರ್ಷದ ಮೈಲಿಯ ಅಂಕಿ ಏರುತ್ತಲೇ ಬಂದಿದೆಯೇ ಎಂಬುದನ್ನೂ, ಪಾಸು ಮಾಡಿದರೂ "ಗಮನವಿರಲಿ" ಎಂದು ಬರೆದಿಟ್ಟ ಸೂಚನೆಗಳನ್ನೂ ಓದಿ. ನಾನು ಕೊಂಡ ಮೊದಲ ಕಾರಿನ ದಾಖಲೆಯಲ್ಲಿ ಅಡಿಭಾಗದ ತುಕ್ಕಿನ ಬಗ್ಗೆ ಸತತ ಮೂರು ವರ್ಷ ಎಚ್ಚರಿಕೆ ಇತ್ತು. ನಾನು ಹೊಳೆಯುವ ಬಣ್ಣ ನೋಡಿ ಹಣ ಕೊಟ್ಟೆ. ನಾಲ್ಕನೆಯ ವರ್ಷ ಕಾರು ಫೇಲಾಗಿ ವೆಲ್ಡಿಂಗ್‌ಗೆ ಏಳುನೂರು ಪೌಂಡ್ ತೆತ್ತೆ. ತಪ್ಪು ನನ್ನದೇ, ಎಲ್ಲವೂ ಬರಹದಲ್ಲೇ ಇತ್ತು.

ವಿ5ಸಿ ಎಂಬ ಪುಸ್ತಕ ನಮ್ಮ ಆರ್‌ಸಿಯನ್ನು ಹೋಲುತ್ತದೆ, ಆದರೆ ಅದು ಒಡೆತನದ ಪುರಾವೆಯಲ್ಲ, ನೋಂದಾಯಿತ ಬಳಕೆದಾರರು ಯಾರೆಂಬುದರ ದಾಖಲೆ ಮಾತ್ರ. ಕಾರಿನ ಮೇಲೆ ಸಾಲ ಬಾಕಿಯಿದೆಯೇ, ಅಪಘಾತಕ್ಕೀಡಾಗಿ ವಿಮಾ ಕಂಪನಿ ಕೈಬಿಟ್ಟದ್ದೇ ಎಂಬುದನ್ನು ಸ್ವಲ್ಪ ಶುಲ್ಕ ಕೊಟ್ಟು ಬೇರೆಯಾಗಿ ಪರಿಶೀಲಿಸಬೇಕು. ಆ ವರದಿಯಲ್ಲಿ ಕ್ಯಾಟ್ ಎಸ್ (ಎಸ್ ವರ್ಗ) ಎಂದಿದ್ದರೆ ಚೌಕಟ್ಟಿಗೇ ಪೆಟ್ಟಾಗಿತ್ತು ಎಂದರ್ಥ, ಕ್ಯಾಟ್ ಎನ್ ಎಂದಿದ್ದರೆ ಚೌಕಟ್ಟಿಗೆ ಪೆಟ್ಟಾಗಿರಲಿಲ್ಲ. ರಸ್ತೆ ತೆರಿಗೆ ಕಾರಿನ ಜೊತೆ ಬರುವುದಿಲ್ಲ. ಕೊಂಡ ಕ್ಷಣವೇ ನಿಮ್ಮ ಹೆಸರಿನಲ್ಲಿ ಕಟ್ಟಿ ಆಮೇಲೆ ರಸ್ತೆಗಿಳಿಸಬೇಕು. 2017ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಾಯಿತವಾದ ಸಣ್ಣ ಪೆಟ್ರೋಲ್ ಕಾರುಗಳಿಗೆ ತೆರಿಗೆ ಹೊಗೆಯ ಲೆಕ್ಕದಲ್ಲಿರುವುದರಿಂದ ಅವು ಎಷ್ಟೋ ಅಗ್ಗ.

ಡೀಲರ್ ಬಳಿ ಕೊಂಡರೆ ಬೆಲೆ ಕೆಲವು ನೂರು ಪೌಂಡ್ ಹೆಚ್ಚಾಗುತ್ತದೆ. ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಮಾರುವಾಗಲೇ ದೋಷವಿದ್ದ ಕಾರನ್ನು 30 ದಿನದೊಳಗೆ ಹಿಂತಿರುಗಿಸಿ ಹಣ ಕೇಳಬಹುದು. ಖಾಸಗಿ ಮಾರಾಟಗಾರರ ವಿಷಯದಲ್ಲಿ ಆ ರಕ್ಷೆಯಿಲ್ಲ. ಮೊದಲ ಸಲ ಕೊಳ್ಳುವವರಿಗೆ ನಾನು ಡೀಲರನ್ನೇ ಹೇಳುತ್ತೇನೆ.

ಸ್ಲೌನಿಂದ

ಕಾರಿಗಿಂತ ತುರ್ತಾದ ಒಂದು ವಿಷಯವನ್ನು ಯಾರೂ ಎತ್ತಲಿಲ್ಲ. ಬಂದು ನೆಲೆಸಿ ಎಂಟು ತಿಂಗಳಾಯಿತು ಎಂದಿದ್ದೀರಿ. ಭಾರತದ ಲೈಸೆನ್ಸ್‌ನಲ್ಲಿ ಇಲ್ಲಿ ಓಡಿಸಬಹುದಾದದ್ದು ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ. ಅಂದರೆ ನಿಮಗೆ ಉಳಿದಿರುವುದು ನಾಲ್ಕು. ಅದು ಮುಗಿದ ಮೇಲೆ ನಿಮ್ಮ ಮನೆಯವರು ಎಷ್ಟು ವರ್ಷ ಓಡಿಸಿದ ಅನುಭವವಿದ್ದರೂ ಪ್ರೊವಿಷನಲ್ ಲೈಸೆನ್ಸಿನ ಕಲಿಕೆಯವರೇ: ಎಲ್ ಬೋರ್ಡ್ ಹಾಕಿಕೊಂಡು, ಪಕ್ಕದಲ್ಲಿ ಮೂರು ವರ್ಷದಿಂದ ಪೂರ್ಣ ಲೈಸೆನ್ಸ್ ಇರುವ, 21 ವರ್ಷ ದಾಟಿದವರನ್ನು ಕೂರಿಸಿಕೊಂಡೇ ಓಡಿಸಬೇಕು. ನಿಮ್ಮ ಭಾರತದ ಲೈಸೆನ್ಸ್ ಆ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಪಾಳಿಗೆ ಆಕೆ ಒಬ್ಬರೇ ಹೋಗುವಂತಿಲ್ಲ. ಪ್ರೊವಿಷನಲ್‌ಗೆ ಇಂದೇ ಅರ್ಜಿ ಹಾಕಿ, ಥಿಯರಿ ಪರೀಕ್ಷೆ ಮುಗಿಸಿ, ಪ್ರಾಯೋಗಿಕ ಪರೀಕ್ಷೆಗೆ ದಿನ ಗೊತ್ತುಮಾಡಿಕೊಳ್ಳಿ. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಾದ ಊರುಗಳೇ ಹೆಚ್ಚು. ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಮ್ಯಾನ್ಯುಯಲ್ ಓಡಿಸುವ ಹಕ್ಕು ಸಿಗುವುದಿಲ್ಲ ಎಂಬುದೂ ನೆನಪಿರಲಿ.

ವಿಮೆಯ ದರವನ್ನು ಕಾರು ಕೊಳ್ಳುವ ಮುನ್ನವೇ ಆ ನಂಬರ್ ಪ್ಲೇಟ್ ಹಾಕಿ ನೋಡಿ. ಕಾರುಗಳನ್ನು 1ರಿಂದ 50ರವರೆಗೆ ಗುಂಪು ಮಾಡಿದ್ದಾರೆ, 1.2ರ ಫಿಯಟ್ ಕೆಳಗಿನ ಗುಂಪುಗಳಲ್ಲಿದೆ, ಕೂಪರ್ ಎಸ್ ಬಹಳ ಮೇಲಿದೆ. ವಿದೇಶಿ ಲೈಸೆನ್ಸ್ ಇದ್ದಾಗ ಈ ಅಂತರ ಇನ್ನೂ ಹಿಗ್ಗುತ್ತದೆ. ಲಂಡನ್ ಕಡೆ ಹೋಗುವುದಿದ್ದರೆ 2023ರ ಆಗಸ್ಟ್‌ನಿಂದ ಇಡೀ ಮಹಾನಗರಕ್ಕೆ ಹರಡಿರುವ ಮಾಲಿನ್ಯ ವಲಯದಲ್ಲಿ, ಹೊಗೆಯ ಮಾನದಂಡದಲ್ಲಿ ಯೂರೋ 4 ಮುಟ್ಟದ ಪೆಟ್ರೋಲ್ ಕಾರಿಗೂ ಯೂರೋ 6 ಮುಟ್ಟದ ಡೀಸೆಲ್ ಕಾರಿಗೂ ದಿನಕ್ಕೆ 12.50 ಪೌಂಡ್ ಶುಲ್ಕವಿದೆ. ನೀವು ನೋಡುತ್ತಿರುವ ವರ್ಷಗಳ ಪೆಟ್ರೋಲ್ ಕಾರಿಗೆ ಆ ಚಿಂತೆಯಿಲ್ಲ.

ಬ್ರಿಸ್ಟಲ್‌ನಿಂದ

ಹಳೆಯ ರೂಪವೇ ಮುಖ್ಯವೆಂದು ಯಾರಾದರೂ ನಿಸಾನ್ ಫಿಗಾರೊ ತೋರಿಸಿದರೆ ಮನಸೋಲಬೇಡಿ ಎಂದಷ್ಟೇ ಹೇಳಬಂದೆ. 1991ರಲ್ಲಿ ಜಪಾನಿಗಾಗಿ ಇಪ್ಪತ್ತು ಸಾವಿರ ಮಾತ್ರ ತಯಾರಿಸಿ, ಬೇಡಿಕೆ ತಾಳಲಾರದೆ ಲಾಟರಿ ಎತ್ತಿ ಮಾರಿದ ಕಾರು ಅದು. ಸ್ಟೀರಿಂಗ್ ಬಲಗಡೆಗೇ ಇರುವುದರಿಂದ ಎಷ್ಟೋ ಕಾರುಗಳು ಇಲ್ಲಿಗೆ ಬಂದಿವೆ. ನಮ್ಮ ಬೀದಿಯಲ್ಲೊಂದು ತಿಳಿನೀಲಿ ಹಸಿರಿನದಿದೆ, ಹಾದುಹೋಗುವಾಗಲೆಲ್ಲ ನಿಂತು ನೋಡುತ್ತೇನೆ. ಮೂರೇ ಗೇರಿನ ಆಟೊಮ್ಯಾಟಿಕ್, ಮೂವತ್ತು ದಾಟಿದ ವಯಸ್ಸು, ತುಕ್ಕಿನ ಕಾಟ. ಪಾಳಿ ಕೆಲಸದವರಿಗೆ ಅದು ಹೇಳಿದ್ದಲ್ಲ.

ಕೇಳಿದವರು, ರೀಡಿಂಗ್ (ಹನ್ನೆರಡು ದಿನಗಳ ನಂತರ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಸ್ಲೌನವರ ಮಾತು ಓದಿದ ರಾತ್ರಿಯೇ ಇಬ್ಬರೂ ಪ್ರೊವಿಷನಲ್‌ಗೆ ಅರ್ಜಿ ಹಾಕಿದೆವು. ಆ ನಿಯಮದ ಅರಿವೇ ನಮಗಿರಲಿಲ್ಲ.

ಶನಿವಾರ ಎರಡು ಕಾರು ನೋಡಿದೆವು. ಮೊದಲನೆಯದು 2009ರ ಕೂಪರ್ ಎಸ್, ಬಣ್ಣ ಕಣ್ಣು ಕುಕ್ಕುವಂತಿತ್ತು. ಫೋನಿನಲ್ಲಿ ಹೇಳಿಟ್ಟಿದ್ದರೂ ಬಾನೆಟ್ ಬೆಚ್ಚಗಿತ್ತು. ಬೆಳಿಗ್ಗೆ ಅಂಗಡಿಗೆ ಹೋಗಿ ಬಂದೆ ಎಂದರು. ನನ್ನ ಹೆಂಡತಿ ಡಿಪ್‌ಸ್ಟಿಕ್ ಎಳೆದು ಒರೆಸಿ ಅದ್ದಿದರೆ ಅದರ ತುದಿಗೆ ಆಯಿಲ್ ಅಂಟಲೇ ಇಲ್ಲ. ಚಹಾ ಕುಡಿದು ಹೋಗಿ ಎಂದವರಿಗೆ ಕೈಮುಗಿದು ಹೊರಟೆವು.

ಎರಡನೆಯದು ಡೀಲರ್ ಒಬ್ಬರ ಬಳಿಯ, 2015ರ ಐದು ಬಾಗಿಲಿನ ಮಿನಿ ಒನ್. ಎಪ್ಪತ್ತೊಂದು ಸಾವಿರ ಮೈಲಿ ಓಡಿದೆ, ಆಯಿಲ್ ಬದಲಿಸಿದ ರಸೀತಿಗಳು ಒಂದು ವರ್ಷ ಬಿಟ್ಟು ಉಳಿದೆಲ್ಲ ವರ್ಷದವು ಇವೆ. ಎಂಒಟಿಯಲ್ಲಿ ಮುಂದಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಸವೆದಿದೆಯೆಂಬ ಸೂಚನೆಯೊಂದೇ. ಅದನ್ನು ಬದಲಿಸಿ ಕೊಡಲು ಒಪ್ಪಿದ್ದಾರೆ. ಮಗಳ ಸೀಟು ಹಿಂದೆ ಸರಿಯಾಗಿ ಕೂರುತ್ತದೆ, ಆದರೆ ಅದರ ಮುಂದಿನ ಸೀಟಿನಲ್ಲಿ ನನ್ನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ನಾವು ಹೋದಾಗ ಅಷ್ಟರಲ್ಲೇ ಬೇರೆ ಗಿರಾಕಿ ಓಡಿಸಿ ತಂದಿದ್ದರಿಂದ ಎಂಜಿನ್ ಬಿಸಿಯಿತ್ತು. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬರುತ್ತೇವೆ, ಯಾರೂ ಕೀಲಿ ಮುಟ್ಟಬೇಡಿ ಎಂದು ಹೇಳಿ ಬಂದಿದ್ದೇವೆ.